ನಾಲ್ಕನೇ ದೀಪದ ದಾರ

ನನ್ನ ಬಾಯಿ ಜೋರು. ಬೇರೆಯವರು ಹೇಳುವ ಮೊದಲು ನಾನೇ ಹೇಳಿಬಿಡುತ್ತೇನೆ. ನವಜಾತ ಶಿಶುಗಳ ವಾರ್ಡಿನಲ್ಲಿ ಇಪ್ಪತ್ತೆರಡು ವರ್ಷದಿಂದ ನರ್ಸು, ಅದರಲ್ಲಿ ಒಂಬತ್ತು ವರ್ಷ ಹಿರಿಯ ನರ್ಸು. ಬೆನ್ನ ಹಿಂದೆ ನನ್ನನ್ನು ಗುಡುಗಮ್ಮ ಅನ್ನುತ್ತಾರೆ. ಆಯಾಗಳು, ಲ್ಯಾಬಿನವರು, ದೊಡ್ಡ ಡಾಕ್ಟರು ಕೂಡ. ನನಗೆ ಗೊತ್ತು, ಒಳಗೊಳಗೆ ಖುಷಿಯೂ ಇತ್ತು. ಯಾಕೆಂದರೆ ತಾಯಂದಿರು ಅದರ ಜೊತೆಗೆ ಇನ್ನೊಂದು ಮಾತನ್ನೂ ಸೇರಿಸುತ್ತಿದ್ದರು: ಗುಡುಗಮ್ಮ ಬೈದರೆ ಬೈಯಲಿ, ಕೈಗುಣ ಮಾತ್ರ ಚಿನ್ನ, ಅವರ ಕೈ ಸೋಕಿದ ಮಗು ಬದುಕಿ ಮನೆಗೆ ಹೋಗುತ್ತೆ. ಈ ಮಾತನ್ನು ಎಷ್ಟೋ ಸಲ ಬಾಗಿಲ ಹಿಂದೆ ನಿಂತು ಕೇಳಿದ್ದೇನೆ. ಕೇಳಲೆಂದೇ ನಿಂತಿದ್ದೇನೆ. ನಾಚಿಕೆಗೇಡು, ಆದರೆ ನಿಜ.

ಈಗ ಹೇಳಹೊರಟಿರುವುದು ಅದಕ್ಕಿಂತ ದೊಡ್ಡ ನಾಚಿಕೆಗೇಡು.

ದಿನ ತುಂಬುವ ಮೊದಲೇ ಹುಟ್ಟಿದ ಮಕ್ಕಳಿಗೆ ಕಾಮಾಲೆ ಮಾಮೂಲು. ಅವುಗಳ ಪಿತ್ತಜನಕಾಂಗ ಇನ್ನೂ ಕೆಲಸ ಕಲಿತಿರುವುದಿಲ್ಲ, ರಕ್ತದಲ್ಲಿ ಹಳದಿ ಉಳಿದುಬಿಡುತ್ತದೆ. ಮಿತಿ ಮೀರಿದರೆ ಮಿದುಳಿಗೆ ಏರುತ್ತದೆ. ಏರಿತೆಂದರೆ ಕಿವಿ ಹೋಗಬಹುದು, ಕೈಕಾಲು ಹೋಗಬಹುದು, ಜೀವವೇ ಹೋಗಬಹುದು. ಅದಕ್ಕೆ ಔಷಧ ಬೆಳಕು. ಮಗುವನ್ನು ಬರೀ ಡೈಪರಿನಲ್ಲಿ ಮಲಗಿಸಿ, ಕಣ್ಣಿಗೆ ಪಟ್ಟಿ ಕಟ್ಟಿ, ಮೇಲಿಂದ ನೀಲಿ ದೀಪ ಬಿಡುತ್ತೇವೆ. ಬೆಳಕು ಚರ್ಮದೊಳಗಿನ ಹಳದಿಯನ್ನು ಒಡೆಯುತ್ತದೆ, ಅದು ಉಚ್ಚೆ ಕಕ್ಕದಲ್ಲಿ ಹೊರಗೆ ಹೋಗುತ್ತದೆ. ಆದರೆ ದೀಪ ಮಗುವಿಗೆ ಹತ್ತಿರವಿರಬೇಕು. ಒಂದು ಗೇಣು ಮೇಲೆ ಹೋದರೂ ಬೆಳಕಿನ ಬಲ ಅರ್ಧಕ್ಕರ್ಧ ಇಳಿಯುತ್ತದೆ, ನೋಡುವವರ ಕಣ್ಣಿಗೆ ಮಾತ್ರ ಅದೇ ನೀಲಿ, ಅದೇ ಝಗಮಗ.

ನಮ್ಮ ದೀಪಗಳು ಸ್ಟ್ಯಾಂಡಿನ ಮೇಲೆ ಏರಿ ಇಳಿಯುತ್ತವೆ. ಮಗುವಿನ ಮೈ ಒರೆಸಲು, ರಕ್ತ ತೆಗೆಯಲು ಎಲ್ಲರೂ ಮೇಲಕ್ಕೆ ತಳ್ಳುತ್ತಾರೆ, ಇಳಿಸುವಾಗ ಅಂದಾಜಿನ ಮೇಲೆ ಇಳಿಸುತ್ತಾರೆ. ಸ್ಕೇಲು ತಂದಿಟ್ಟರೆ ಮೂರೇ ದಿನಕ್ಕೆ ಮಂಗಮಾಯ. ಅದಕ್ಕೆ ನಾನೊಂದು ಉಪಾಯ ಮಾಡಿದ್ದೆ. ಬ್ಯಾಂಡೇಜ್ ಪಟ್ಟಿ ಸೀಳಿ, ಹೊಸೆದು, ಸರಿಯಾದ ಉದ್ದಕ್ಕೆ ಅಳೆದು, ತುದಿಗೊಂದು ಗಂಟು ಹಾಕಿ ಪ್ರತಿ ದೀಪದ ಚೌಕಟ್ಟಿಗೂ ಒಂದೊಂದು ದಾರ ಕಟ್ಟಿದ್ದೆ. ಗಂಟು ಮಗುವಿನ ಎದೆಯ ಮಟ್ಟಕ್ಕೆ ಬರುವವರೆಗೆ ದೀಪ ಇಳಿಸು, ತಿರುಪು ಬಿಗಿ ಮಾಡು, ದಾರ ಸುತ್ತಿ ಕೊಕ್ಕೆಗೆ ಹಾಕು. ಎಂಥ ಪೆದ್ದರಿಗೂ ತಪ್ಪುವಂತಿಲ್ಲ. ಬೆಳಕಿನ ಬಲ ಅಳೆಯುವ ಮೀಟರು ತಿಂಗಳಿಗೊಮ್ಮೆ ಬರುವ ಯಂತ್ರ ರಿಪೇರಿಯವನ ಚೀಲದಲ್ಲಿತ್ತು, ಉಳಿದ ಇಪ್ಪತ್ತೊಂಬತ್ತು ದಿನ ನನ್ನ ದಾರದ್ದೇ ಆಳ್ವಿಕೆ. ಹೊಸದಾಗಿ ಬಂದ ನರ್ಸುಗಳಿಗೆ ಮೊದಲ ದಿನವೇ ಹೇಳುತ್ತಿದ್ದೆ, "ಇಲ್ಲಿ ಕಣ್ಣಳತೆ ನಡೆಯಲ್ಲ, ದಾರ ನೋಡಿ."

ಆ ಸೋಮವಾರ ನಾಲ್ಕನೇ ದೀಪದ ದಾರಕ್ಕೆ ಯಾವುದೋ ಮಗು ಸರಿಯಾಗಿ ಗುರಿಯಿಟ್ಟು ಉಚ್ಚೆ ಹೊಯ್ದಿತ್ತು. ಕಿತ್ತೆಸೆದೆ. ಹೊಸದು ಹೊಸೆಯುವಾಗ ಸ್ಟೋರಿನವನ ಮೇಲೆ ನನ್ನ ತಲೆ ಕೆಂಡವಾಗಿತ್ತು, ಹತ್ತು ಪ್ಯಾಕೆಟ್ ಹತ್ತಿ ಕೇಳಿದರೆ ನಾಲ್ಕು ಕೊಟ್ಟು ಕಳಿಸಿದ್ದ. ಬಾಯಲ್ಲಿ ಅವನ ವಂಶಾವಳಿ ನಡೆಯುತ್ತಿತ್ತು, ಕೈಯಲ್ಲಿ ಕತ್ತರಿ ನಡೆಯುತ್ತಿತ್ತು. ಅಳೆಯಲಿಲ್ಲ. ಇಪ್ಪತ್ತೆರಡು ವರ್ಷದ ಕೈ, ಇದಕ್ಕೆಲ್ಲ ಟೇಪು ಬೇಕಾ ಅಂದುಕೊಂಡೆ. ಕಣ್ಣಳತೆಯಲ್ಲೇ ಕತ್ತರಿಸಿ, ಗಂಟು ಹಾಕಿ, ಕಟ್ಟಿದೆ.

ಮಂಗಳವಾರ ಆ ದೀಪದ ಕೆಳಗೆ ಕಂಡಕ್ಟರಮ್ಮನ ಮಗಳು ಬಂದಳು.

ಈ ಕಂಡಕ್ಟರಮ್ಮ ಸಿಟಿ ಬಸ್ಸಿನ ಕಂಡಕ್ಟರು. ಎಂಟನೇ ತಿಂಗಳ ಆರಂಭದಲ್ಲೇ, ಡ್ಯೂಟಿಯ ಮೇಲಿದ್ದಾಗ ನೋವು ಬಂದಿದೆ. ಜನರನ್ನೆಲ್ಲ ಇಳಿಸಿ, ಬಸ್ಸನ್ನೇ ಆಸ್ಪತ್ರೆಗೆ ತಿರುಗಿಸಿಕೊಂಡು ಬಂದ ಗಟ್ಟಿಗಿತ್ತಿ. ಮಗು ಒಂದು ಕೇಜಿ ನಾನೂರು ಗ್ರಾಮು. ಮೂರು ಗಂಟೆಗೊಮ್ಮೆ ಹಾಲಿನ ಹೊತ್ತಿಗೆ ಅರ್ಧ ಗಂಟೆ ಮಗುವನ್ನು ದೀಪದಿಂದ ತೆಗೆದು ತಾಯಿಯ ಎದೆಗೆ ಕೊಡುತ್ತೇವೆ, ಅದು ವಾರ್ಡಿನ ನಿಯಮ. ಮೊದಲ ಸಲ ಕೊಡಹೋದಾಗ ಇವಳು ಎರಡು ಕೈಯನ್ನೂ ಸೆರಗಿಗೆ ಉಜ್ಜಿಕೊಂಡಳು.

"ಸಿಸ್ಟರ್, ಟಿಕೆಟ್ ಹರಿದು ಹರಿದು ನನ್ನ ಕೈ ಒರಟು. ಮಗುಗೆ ಚುಚ್ಚಲ್ವಾ?"

"ಮಗು ಏನು ಬಲೂನಾ, ಒಡೆದುಹೋಗೋಕೆ? ಹಿಡ್ಕೋ," ಅಂದೆ.

ಹಿಡಿದುಕೊಂಡಳು. ಆಮೇಲೆ ಬಾಯಿ ಬಂತು. ಮಗುವನ್ನು ಎದೆಗೆ ಹಾಕಿಕೊಳ್ಳುವಾಗ, "ಹತ್ತಿ ಹತ್ತಿ, ಒಳಗೆ ಜಾಗ ಇದೆ," ಅನ್ನುವಳು. ವಾಪಸ್ ಕೊಡುವಾಗ, "ಸ್ಟಾಪ್ ಬಂತು, ಇಳೀರಿ, ನಿಧಾನ." ಉಳಿದ ತಾಯಂದಿರು ಹೊಲಿಗೆ ನೋಯುತ್ತದೆ, ನಗಿಸಬೇಡ ಮಾರಾಯ್ತಿ ಎಂದು ಹೊಟ್ಟೆ ಹಿಡಿದುಕೊಂಡು ನಗುವರು. ನನಗೂ ನಗು ಬರುತ್ತಿತ್ತು, ತೋರಿಸುತ್ತಿರಲಿಲ್ಲ.

ಬುಧವಾರ ಮಗುವಿನ ರಕ್ತದಲ್ಲಿ ಹಳದಿಯ ಅಂಕಿ ಹತ್ತು. ಗುರುವಾರ ಹನ್ನೊಂದೂವರೆ. ದೀಪದ ಕೆಳಗೆ ಮಲಗಿದ ಮಗುವಿಗೆ ಅಂಕಿ ಇಳಿಯಬೇಕು, ಇದು ಏರುತ್ತಿದೆ. ದೊಡ್ಡ ಡಾಕ್ಟರು ಹುಬ್ಬು ಗಂಟಿಕ್ಕಿ, "ಹದಿಮೂರು ದಾಟಿದ್ರೆ ರಕ್ತ ಬದಲಾಯಿಸಬೇಕಾಗುತ್ತೆ," ಅಂದರು. ಅಷ್ಟು ಪುಟ್ಟ ಮಗುವಿನ ಹೊಕ್ಕುಳಿಂದ ಅದರ ರಕ್ತ ತೆಗೆಯುತ್ತಾ ಬೇರೆಯವರ ರಕ್ತ ತುಂಬುತ್ತಾ ಹೋಗುವುದು, ಗಂಟೆಗಟ್ಟಲೆ. ನಾನು ನೋಡಿದ್ದೇನೆ. ಎಲ್ಲವೂ ಬದುಕುವುದಿಲ್ಲ.

ಡಾಕ್ಟರು ಹೋದ ಮೇಲೆ ನಮ್ಮ ಕನ್ನಡಕ ನನ್ನ ಹತ್ತಿರ ಬಂದಳು. ನಾಲ್ಕು ವರ್ಷದಿಂದ ನನ್ನ ಕೈಕೆಳಗಿರುವ ನರ್ಸು, ಸೋಡಾ ಬಾಟಲಿಯ ತಳದಂಥ ಕನ್ನಡಕ, ಹೆಸರೇ ಅದಾಗಿದೆ.

"ಅಕ್ಕಾ, ಮೂರನೇ ದೀಪಕ್ಕಿಂತ ನಾಲ್ಕನೇದು ಸ್ವಲ್ಪ ಮೇಲಿದ್ದಂಗೆ ಕಾಣುತ್ತೆ."

"ದಾರ ಹಾಕಿ ನೋಡಿದೆಯಾ?"

"ನೋಡಿದೆ. ದಾರಕ್ಕೆ ಸರಿಯಾಗಿದೆ. ಆದ್ರೂ..."

"ಆದ್ರೂ ಏನು ಆದ್ರೂ? ನಿನಗಿರೋ ನಾಲ್ಕು ಕಣ್ಣೂ ಸೇರಿದ್ರೂ ನನ್ನ ದಾರದಷ್ಟು ನೆಟ್ಟಗಿಲ್ಲ. ಹೋಗು, ಆರನೇ ಮಗುವಿನ ಡ್ರಿಪ್ ನೋಡು."

ಹೋದಳು. ಅದೇ ಹೊತ್ತಿಗೆ ನಾನು ತಿರುಗಿ ಗಡಿಯಾರ ನೋಡಿದರೆ, ಕಂಡಕ್ಟರಮ್ಮ ಮಗುವನ್ನು ಎತ್ತಿಕೊಂಡು ನಲವತ್ತು ನಿಮಿಷವಾಗಿದೆ. ಮಗು ಅವಳ ಎದೆಯ ಮೇಲೆ ಬಾಯಿ ತೆರೆದು ನಿದ್ದೆ ಹೋಗಿತ್ತು, ಅವಳು ಅದರ ಬೆನ್ನ ಮೇಲೆ ಬೆರಳಿಂದ ಏನೋ ಬರೆಯುತ್ತಾ ಕೂತಿದ್ದಳು. ಅರ್ಧ ಗಂಟೆಯ ಮೇಲೆ ಹತ್ತೇ ನಿಮಿಷ. ನನಗೆ ಉತ್ತರ ಸಿಕ್ಕಿಬಿಟ್ಟಿತು. ಅಂಕಿ ಯಾಕೆ ಏರುತ್ತಿದೆ? ಇಲ್ಲಿದ್ದಾಳಲ್ಲ ಕಾರಣ!

"ಏನಮ್ಮಾ ನೀನು! ಬುದ್ಧಿ ಇದೆಯಾ? ಮುದ್ದು ಮಾಡೋಕೆ ಜೀವಮಾನ ಪೂರ್ತಿ ಇದೆ. ಮಗು ಹಳದಿ ತಿರುಗಿ ಮಲಗಿದೆ, ನೀನು ದೀಪದಿಂದ ಎತ್ತಿ ಎತ್ತಿ ಹೊರಗೆ ತೆಗೀತಿದ್ದೀಯ. ನಿನ್ನ ಈ ಕೈ ಇದೆಯಲ್ಲ, ಈ ಕೈಯೇ ನಿನ್ನ ಮಗುಗೆ ವೈರಿ!"

ಏಳು ಜನ ತಾಯಂದಿರಿದ್ದರು. ಇಬ್ಬರು ಆಯಾಗಳಿದ್ದರು. ಗಾಜಿನ ಆಚೆ ಅವಳ ಅತ್ತೆ ಇದ್ದರು, ನನ್ನ ಗಂಟಲಿಗೆ ಗಾಜು ಯಾವ ಲೆಕ್ಕ. ದಿನಕ್ಕೆ ಸಾವಿರ ಜನರ ಬಾಯಿಗೆ ಬಾಯಿ ಕೊಡುವ ಕಂಡಕ್ಟರಮ್ಮ ಮಗುವನ್ನು ನನ್ನ ಕೈಗೆ ಕೊಟ್ಟಳು, ಇಳೀರಿ ಅನ್ನಲಿಲ್ಲ. ಆಮೇಲೆ ತನ್ನ ಕೈಗಳನ್ನು ಒಮ್ಮೆ ನೋಡಿಕೊಂಡು ಬೆನ್ನ ಹಿಂದೆ ಕಟ್ಟಿಕೊಂಡಳು.

ಮುಂದಿನ ಹಾಲಿನ ಹೊತ್ತಿಗೆ ಅವಳು ಮಗುವನ್ನು ಎತ್ತಿಕೊಳ್ಳಲಿಲ್ಲ. ಹಾಲು ಹಿಂಡಿ ಬಟ್ಟಲಲ್ಲಿ ಕೊಟ್ಟು, ತೊಟ್ಟಿಲಿನಿಂದ ಒಂದು ಮಾರು ದೂರ ಕೈಕಟ್ಟಿ ನಿಂತು ನೋಡಿದಳು. ಒಳ್ಳೆಯದಾಯಿತು, ಬುದ್ಧಿ ಬಂತು ಅಂದುಕೊಂಡೆ.

ಶುಕ್ರವಾರ ಬೆಳಿಗ್ಗೆ ಅಂಕಿ ಹನ್ನೆರಡೂವರೆ.

ತಾಯಿ ಮುಟ್ಟಿಲ್ಲ, ಆದರೂ ಏರಿದೆ. ಈಗ ಯಾರನ್ನು ಬೈಯಲಿ? ಊಟದ ಹೊತ್ತಿನಲ್ಲಿ, ಎಲ್ಲರೂ ಆಚೀಚೆ ಹೋದಾಗ, ಮಕ್ಕಳ ತಲೆಯ ಸುತ್ತಳತೆ ನೋಡುವ ಟೇಪು ತೆಗೆದುಕೊಂಡು ನಾಲ್ಕನೇ ದೀಪದ ಹತ್ತಿರ ಹೋದೆ. ದಾರ ಬಿಚ್ಚಿ ಅಳೆದೆ. ಮೂರನೇ ದೀಪದ ದಾರ ಅಳೆದೆ. ಮತ್ತೆ ನಾಲ್ಕನೆಯದನ್ನು ಅಳೆದೆ. ಒಂದು ಗೇಣಿಗೆ ಎರಡು ಬೆರಳು ಕಮ್ಮಿ, ಅಷ್ಟು ಹೆಚ್ಚು ಉದ್ದವಿತ್ತು. ಮೂರು ದಿನದಿಂದ ಮಗು ಅರ್ಧ ಬೆಳಕಿನಲ್ಲಿ ಮಲಗಿತ್ತು. ಬಂದವರೆಲ್ಲ ಶ್ರದ್ಧೆಯಿಂದ ನನ್ನ ದಾರ ನೋಡಿ, ಶ್ರದ್ಧೆಯಿಂದ ದೀಪವನ್ನು ತಪ್ಪು ಜಾಗಕ್ಕೆ ನಿಲ್ಲಿಸಿದ್ದರು.

ಕಾಮಾಲೆ ಕಣ್ಣಿಗೆ ಕಂಡದ್ದೆಲ್ಲ ಹಳದಿ ಅನ್ನುತ್ತಾರೆ. ಕಾಮಾಲೆ ಮಗುವಿಗಲ್ಲ, ನನಗೆ ಬಂದಿತ್ತು.

ಆಗ ನಾನೇನು ಮಾಡಬೇಕಿತ್ತು ಎಂದು ನಿಮಗೆ ಗೊತ್ತು, ನನಗೂ ಗೊತ್ತಿತ್ತು. ಮಾಡಿದ್ದು ಇಷ್ಟು: ಸುತ್ತ ನೋಡಿದೆ, ಯಾರೂ ಇಲ್ಲ. ಹೆಚ್ಚಿನ ದಾರವನ್ನು ಕತ್ತರಿಸಿದೆ, ಹೊಸ ಗಂಟು ಹಾಕಿದೆ, ದೀಪ ಇಳಿಸಿದೆ, ತುಂಡನ್ನು ಏಪ್ರನ್ನಿನ ಜೇಬಿಗೆ ಹಾಕಿಕೊಂಡೆ. ಕಳ್ಳಿಯ ಹಾಗೆ.

ಸಂಜೆ ಕನ್ನಡಕ ಮಗುವಿನ ಮೈ ಒರೆಸಿ, ದೀಪ ಇಳಿಸುವಾಗ ದಾರ ಹಿಡಿದು ನಿಂತಳು.

"ಅಕ್ಕಾ, ಈ ದಾರ ಗಿಡ್ಡ ಆಗಿದೆ."

"ಕಾಟನ್ ತಾನೇ. ಒದ್ದೆಯಾದಾಗ ಕುಗ್ಗಿರುತ್ತೆ."

ಅವಳು ನನ್ನನ್ನು ನೋಡಿದಳು. ಅಷ್ಟು ದಪ್ಪ ಗಾಜಿನ ಹಿಂದೆ ಕಣ್ಣು ಎಷ್ಟು ದೊಡ್ಡದಾಗಿ ಕಾಣುತ್ತದೆ ಅಂತ ಅವತ್ತೇ ಗೊತ್ತಾಗಿದ್ದು. "ಹೂಂ, ಕುಗ್ಗಿರಬೇಕು," ಅಂದು ಗಂಟನ್ನು ಮಗುವಿನ ಎದೆಯ ಮಟ್ಟಕ್ಕೆ ಹಿಡಿದಳು.

ಶನಿವಾರ ಅಂಕಿ ಹತ್ತೂಮುಕ್ಕಾಲು. ಭಾನುವಾರ ಒಂಬತ್ತರ ಕೆಳಗೆ. ಬೀಸೋ ದೊಣ್ಣೆ ತಪ್ಪಿತು ಅಂದುಕೊಂಡೆ. ದೊಡ್ಡ ಡಾಕ್ಟರು ರೌಂಡ್ಸಿಗೆ ಬಂದು ಕಂಡಕ್ಟರಮ್ಮನ ಕಡೆ ತಿರುಗಿ, "ನೋಡಿ, ನೀವು ಶಿಸ್ತಾಗಿ ದೂರ ಇದ್ರಿ, ಮಗು ದೀಪದ ಕೆಳಗೇ ಇತ್ತು, ಇಳೀತು," ಅಂದರು. ಆಮೇಲೆ ನನ್ನ ಕಡೆ ತಿರುಗಿ, "ಸಿಸ್ಟರ್, ನಿಮ್ಮ ಬೈಗುಳವನ್ನೂ ಔಷಧದ ಚೀಟೀಲಿ ಬರೀಬೇಕು ಅನ್ಸುತ್ತೆ. ದಿನಕ್ಕೆ ಮೂರು ಸಲ, ಊಟದ ನಂತರ."

ಎಲ್ಲರೂ ನಕ್ಕರು. ನಾನೂ ನಕ್ಕೆ. ಆ ನಗುವನ್ನು ನೆನೆಸಿಕೊಂಡರೆ ಈಗಲೂ ಕಿವಿ ಬಿಸಿಯಾಗುತ್ತದೆ. ಕನ್ನಡಕ ಒಬ್ಬಳು ನಗಲಿಲ್ಲ, ಫೈಲು ಮಡಚಿಕೊಂಡು ಹೋದಳು.

ನಾನು ನನಗೇ ಸಮಾಧಾನ ಹೇಳಿಕೊಂಡೆ. ಮಗು ಉಳಿಯಿತಲ್ಲ? ಮುಗಿದದ್ದನ್ನು ಕೆದಕಿ ಏನು ಫಲ? ಬಾಯಿಬಿಟ್ಟರೆ ನಾಳೆಯಿಂದ ಯಾವ ತಾಯಿ ಈ ವಾರ್ಡನ್ನು ನಂಬುತ್ತಾಳೆ? ವಾರ್ಡಿನ ಹೆಸರು, ವಾರ್ಡಿನ ಮರ್ಯಾದೆ... ಎಲ್ಲ ಬೂಟಾಟಿಕೆ. ನನ್ನ ಹೆಸರು, ನನ್ನ ಮರ್ಯಾದೆ, ಅಷ್ಟೇ.

ಸೋಮವಾರ ದೀಪ ಆರಿಸಿದೆವು. ಕಣ್ಣಿನ ಪಟ್ಟಿ ಬಿಚ್ಚಿದಾಗ ಮಗು ನೀಲಿಯಿಂದ ಹೊರಬಂದು ಹದವಾಗಿ ಕೆಂಪಗಿತ್ತು, ಕಣ್ಣು ಕಿರಿದು ಮಾಡಿ ಲೋಕ ನೋಡಿತು. ನಾನು ಕಂಡಕ್ಟರಮ್ಮನನ್ನು ಕರೆದೆ. "ಬಾಮ್ಮಾ, ಇನ್ನು ದೀಪ ಇಲ್ಲ. ಎಷ್ಟು ಹೊತ್ತು ಬೇಕಾದ್ರೂ ಎತ್ಕೋ."

ಅವಳು ಹಿಂದಕ್ಕೆ ಸರಿದಳು.

"ಬೇಡ ಸಿಸ್ಟರ್. ಈಗ ತಾನೇ ಸರಿ ಹೋಗಿದೆ. ನನ್ನ ಕೈ ಬೇಡ. ಮನೆಗೆ ಹೋದ್ಮೇಲೂ ಅತ್ತೆನೇ ನೋಡ್ಕೋತಾರಂತೆ, ನಾನು ಬೇಗ ಡ್ಯೂಟಿಗೆ ಹೋಗ್ತೀನಿ."

ಅವಳ ಹಾಲಿನ ಬಟ್ಟಲು ನನ್ನ ಕೈಯಲ್ಲೇ ಇತ್ತು. ಕಳೆದ ಬುಧವಾರ ಅರ್ಧ ಬಟ್ಟಲು ಬರುತ್ತಿದ್ದದ್ದು, ಈಗ ತಳ ಮುಚ್ಚುವಷ್ಟಿಲ್ಲ. ಮಗು ಮೈಗೆ ತಾಗದೆ ಹಾಲು ಎಲ್ಲಿಂದ ಬರಬೇಕು? ಗಾಜಿನ ಹತ್ತಿರ ಅವಳ ಅತ್ತೆ ನಿಂತಿದ್ದರು. ಕೆಟ್ಟ ಹೆಂಗಸೇನಲ್ಲ, ಮೊಮ್ಮಗಳಿಗಾಗಿ ಮೂರು ಹೊತ್ತೂ ಬಂದು ಕಾಯುತ್ತಿದ್ದವರು. "ಸಿಸ್ಟರೇ, ನೀವು ಅವತ್ತು ಹೇಳಿದ್ದೇ ಸರಿ," ಅಂದರು. "ಕೆಲವರ ಕೈಗುಣವೇ ಹಾಗೆ. ನಾನಂತೂ ಮಗುನ ಇವಳ ಕೈಗೆ ಕೊಡೋದಿಲ್ಲ."

ಕೈಗುಣ. ನನ್ನ ಮಾತು ಅವರ ಮನೆಯೊಳಗೆ ಹೋಗಿ ಮಣೆ ಹಾಕಿಕೊಂಡು ಕೂತಿತ್ತು.

ನಾನು ಅರ್ಧ ದಾರಿಯಲ್ಲಿ ತಪ್ಪಿಸಿಕೊಳ್ಳಲು ನೋಡಿದೆ. ಅವಳನ್ನು ಕಾರಿಡಾರಿಗೆ ಕರೆದು, "ಅವತ್ತು ಸ್ವಲ್ಪ ಜೋರಾಗಿ ಅಂದುಬಿಟ್ಟೆ, ಮನಸ್ಸಿಗೆ ಹಚ್ಕೋಬೇಡಮ್ಮಾ," ಅಂದೆ. ಅವಳು ನನ್ನ ಕೈ ಹಿಡಿದುಕೊಂಡಳು. ಕಣ್ಣು ತುಂಬಿತ್ತು.

"ಅಯ್ಯೋ, ನೀವು ಬೈದಿದ್ದಕ್ಕೇ ನನ್ನ ಮಗು ಉಳೀತು ಸಿಸ್ಟರ್. ಇಲ್ಲದಿದ್ರೆ ನಾನೇ ಕೊಂದುಬಿಡ್ತಿದ್ದೆ. ನಿಮ್ಮ ಕೈಗುಣ."

ಆ ಕೈ ಬಿಡಿಸಿಕೊಂಡು ಬಟ್ಟೆ ಬದಲಾಯಿಸುವ ಕೋಣೆಗೆ ಹೋದೆ. ಕನ್ನಡಕ ಅಲ್ಲೇ ಬೆಂಚಿನ ಮೇಲೆ ಶೂ ಕಟ್ಟುತ್ತಿದ್ದಳು. ತಲೆಯೆತ್ತದೆ ಅಂದಳು, "ಅಕ್ಕಾ, ಬೈದಿದ್ದು ಹತ್ತು ಜನರ ಮುಂದೆ. ತಪ್ಪಾಯ್ತು ಅನ್ನೋದು ಕಾರಿಡಾರಿನಲ್ಲಾ?"

ಬೇರೆ ದಿನವಾಗಿದ್ದರೆ ಗ್ರಹಚಾರ ಬಿಡಿಸುತ್ತಿದ್ದೆ. ಅವತ್ತು ಜೇಬಿನೊಳಗಿನ ದಾರದ ತುಂಡನ್ನು ಬೆರಳಿಗೆ ಸುತ್ತಿಕೊಂಡು ಮನೆಗೆ ಹೋದೆ.

ಮಂಗಳವಾರ ಬೆಳಿಗ್ಗೆ ಮೊದಲು ದೊಡ್ಡ ಡಾಕ್ಟರ ಕೋಣೆಗೆ ಹೋಗಿ ಎಲ್ಲ ಹೇಳಿದೆ. ಅವರು ತುಂಬ ಹೊತ್ತು ಪೆನ್ನಿನ ಮುಚ್ಚಳ ತೆಗೆದು ಹಾಕಿ, ತೆಗೆದು ಹಾಕಿ ಮಾಡಿದರು. "ಅಳೀಲಿಲ್ವಾ? ನೀವಾ?" ಅಂದರು. ಆ "ನೀವಾ" ಬೈಗುಳಕ್ಕಿಂತ ಹೆಚ್ಚು ತಾಗಿತು. ಬರೆದು ಕೊಡಿ, ದಾರಗಳನ್ನೆಲ್ಲ ಬಿಚ್ಚಿ, ಇವತ್ತೇ ಮೀಟರು ತರಿಸ್ತೀನಿ ಅಂದರು. "ತಾಯಿಗೆ ನಾನು ಹೇಳ್ತೀನಿ."

"ಬೇಡ ಸರ್. ನನ್ನ ಬಾಯಿಂದ ಹೋದ ಮಾತು. ನನ್ನ ಬಾಯೇ ವಾಪಸ್ ತರಬೇಕು."

ಅಡಿಕೆಗೆ ಹೋದ ಮಾನ ಆನೆ ಕೊಟ್ಟರೂ ಬರುವುದಿಲ್ಲ, ಗೊತ್ತು. ನನ್ನದು ಗೇಣುದ್ದದ ದಾರಕ್ಕೆ ಹೋಗಿತ್ತು.

ಹನ್ನೆರಡು ಗಂಟೆಯ ಹಾಲಿನ ಹೊತ್ತು. ಅದೇ ಏಳು ಕುರ್ಚಿ, ಅವೇ ಆಯಾಗಳು. ಅತ್ತೆಯನ್ನು ನಾನೇ ಒಳಗೆ ಕರೆಸಿ ನಿಲ್ಲಿಸಿದೆ. ಕಂಡಕ್ಟರಮ್ಮನ ಮುಂದೆ ನಿಂತು ಜೇಬಿನಿಂದ ದಾರದ ತುಂಡು ತೆಗೆದೆ. ಇಪ್ಪತ್ತೆರಡು ವರ್ಷದಲ್ಲಿ ಮೊದಲ ಸಲ ಆ ವಾರ್ಡಿನಲ್ಲಿ ನನ್ನ ದನಿ ಕೀರಲಾಯಿತು.

"ಅಮ್ಮಾ, ನಾನು ಹೇಳೋದು ಎಲ್ಲರೂ ಕೇಳಿಸ್ಕೊಳ್ಳಿ. ನಿಮ್ಮ ಮಗು ದೀಪದ ದಾರ ಕಟ್ಟಿದ್ದು ನಾನು. ಅಳೀದೇ ಕಟ್ಟಿದೆ. ಇಷ್ಟು ಉದ್ದ ಆಗಿತ್ತು. ದೀಪ ಇಷ್ಟು ಮೇಲಿತ್ತು. ಅದಕ್ಕೇ ಹಳದಿ ಏರಿದ್ದು. ಶುಕ್ರವಾರ ಕತ್ತರಿಸಿ ಸರಿ ಮಾಡಿದೆ, ಅದಕ್ಕೇ ಇಳಿದಿದ್ದು. ನೀವು ಎತ್ಕೊಂಡಿದ್ದಕ್ಕೆ ಏನೂ ಆಗಿಲ್ಲ. ನಿಮ್ಮ ಕೈಯಿಂದ ಮಗುಗೆ ಒಂದಿಷ್ಟೂ ಕೆಟ್ಟದಾಗಿಲ್ಲ. ಕೈ ಕೆಟ್ಟಿದ್ದು ನನ್ನದು."

ಅದುವರೆಗೆ ಅವಳನ್ನು ನಾನು ನೀನು, ಬಾ, ಹೋಗು ಅಂದಿದ್ದೇ. ನೀವು ಎನ್ನುವುದು ಆಗ ತಾನಾಗಿ ಬಂತು.

ಅವಳು ದಾರವನ್ನು ತೆಗೆದುಕೊಂಡಳು. ಬೆರಳುಗಳ ನಡುವೆ ಹಿಡಿದು ಎಳೆದು ನೋಡಿದಳು. ಪಕ್ಕದಲ್ಲಿ ಯಾವುದೋ ಮಗು ಹಾಲು ಚಪ್ಪರಿಸುತ್ತಿತ್ತು.

"ಹಾಗಾದ್ರೆ ನಾನು ಎತ್ಕೋಬಹುದಿತ್ತಾ?"

"ಹೂಂ."

"ಶುಕ್ರವಾರ ಸರಿ ಮಾಡಿದೆ ಅಂದ್ರಿ. ಇವತ್ತು ಮಂಗಳವಾರ." ಅವಳ ತುಟಿ ಅಲ್ಲಾಡುತ್ತಿತ್ತು, ತುಂಬಿದ ಬಸ್ಸಿನಲ್ಲಿ ತಲೆ ಎಣಿಸುವಂತೆ. "ನಾಲ್ಕು ದಿನ. ದಿನಕ್ಕೆ ಎಂಟು ಸಲ. ಮೂವತ್ತೆರಡು ಸಲ, ಸಿಸ್ಟರ್."

ಅದರಲ್ಲಿ ನನ್ನ ಡ್ಯೂಟಿಯ ಹೊತ್ತಿನ ಒಂದೊಂದು ಸಲವೂ ಅವಳು ಒಂದು ಮಾರು ದೂರ ನಿಂತಿದ್ದನ್ನು ನಾನು ನೋಡಿದ್ದೆ. "ತಪ್ಪಾಯ್ತು," ಅಂದೆ. ಅಷ್ಟು ದೊಡ್ಡ ಬಾಯಿಗೆ ಅಷ್ಟೇ ಸಿಕ್ಕಿತು.

ಅವಳ ಅತ್ತೆ ಸೊಸೆಯ ಮುಖ ನೋಡಲಾರದೆ ಸೆರಗಿನ ಅಂಚು ಮಡಚುತ್ತಾ ನಿಂತರು. ಆಮೇಲೆ ಅವರೇ ಒಂದು ಕುರ್ಚಿ ಎಳೆದು ತಂದು ತೊಟ್ಟಿಲ ಪಕ್ಕಕ್ಕೆ ಹಾಕಿದರು. "ಕೂತ್ಕೋ," ಅಂದರು.

ಕಂಡಕ್ಟರಮ್ಮ ಕೂತಳು. ಎದೆಯ ಗುಂಡಿ ಬಿಚ್ಚಿದಳು. ಕೈಗಳನ್ನು ಮಡಿಲಲ್ಲಿ ಅಂಗಾತ ಇಟ್ಟುಕೊಂಡಳು. ನಾನು ಮಗುವನ್ನು ಎತ್ತಲು ತೊಟ್ಟಿಲಿಗೆ ಬಾಗಿದೆ.

"ನೀವು ಬೇಡ," ಅಂದಳು. ಕೂಗಲಿಲ್ಲ, ಬೈಯಲಿಲ್ಲ. "ಆ ಕನ್ನಡಕದ ಸಿಸ್ಟರ್ ಕೊಡ್ಲಿ."

ಪಕ್ಕಕ್ಕೆ ಸರಿದೆ. ಕನ್ನಡಕ ಬಂದು ಮಗುವನ್ನು ಎತ್ತಿ ಅವಳ ಎದೆಯ ಮೇಲೆ ಮಲಗಿಸಿದಳು. ಒರಟು ಹೆಬ್ಬೆರಳು ಆ ಪುಟ್ಟ ಬೆನ್ನನ್ನು ಮುಟ್ಟಿತು, ಹಿಂದಕ್ಕೆ ಹೋಯಿತು, ಮತ್ತೆ ಮುಟ್ಟಿತು. ಆಮೇಲೆ ಎರಡೂ ಕೈ ಬಂದು ಮಗುವನ್ನು ಪೂರ್ತಿ ಮುಚ್ಚಿದವು.

"ಹತ್ತಿ," ಅಂದಳು, ದನಿ ಒಡೆಯಿತು. "ಹತ್ತಿ ಹತ್ತಿ... ಒಳಗೆ ಜಾಗ ಇದೆ."

ಯಾರೂ ನಗಲಿಲ್ಲ. ನಾನು ಒಂದು ಮಾರು ದೂರದಲ್ಲಿ ನಿಂತಿದ್ದೆ. ನನ್ನ ಕೈಗಳು ಯಾವಾಗ ಬೆನ್ನ ಹಿಂದೆ ಹೋದವೋ ನನಗೆ ಗೊತ್ತಾಗಲಿಲ್ಲ.